ನಮ್ಮ ಸಭಾಭವನ ಹೇಗಿರಬೇಕು?

ನಮ್ಮ ವಾಚನಾಲಯದಲ್ಲಿ ದಿನಪತ್ರಿಕೆಗಳ ಹಲಗೆಯ ಪಕ್ಕಕ್ಕೆ ಒಂದು ತಿಂಗಳಿಂದ ಎರಡು ನಕ್ಷೆಗಳು ತೂಗಾಡುತ್ತಿವೆ. ಅವನ್ನು ನೋಡದೆ ಹೋದವರಿಲ್ಲ. ನೋಡಿ ಅರ್ಥವಾಯಿತೆಂದವರೂ ಬಹಳವಿಲ್ಲ. “ಈ ಗೆರಿ ಗ್ವಾಡೀನೋ ಬಾಗಲಾನೋ, ಹೇಳ್ರಿ ಮೊದಲ” ಎಂದು ಎರಡನೆಯ ಪಾಳಿ ಮುಗಿಸಿ ಬಂದ ಗೆಳೆಯರೊಬ್ಬರು ಮೊನ್ನೆ ಕೇಳಿದರು. ಜಾಗದ ಅಳತೆ ಹಿಡಿಯುವ ಕೆಲಸವನ್ನು ಕಟ್ಟಡ ಸಮಿತಿಯವರು ನನಗೆ ಒಪ್ಪಿಸಿದ್ದರಿಂದ ಈ ಲೇಖನವೂ ನನ್ನ ಪಾಲಿಗೇ ಬಂದಿದೆ. ನಾನು ಇಂಜಿನಿಯರನಲ್ಲ. ಮ್ಯಾಟ್ರಿಕ್ ಮುಗಿಸಿ ಗಿರಣಿಯಲ್ಲಿ ಕಾರಕೂನಿಕೆ ಮಾಡುವವನು. ಲೆಕ್ಕ ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಮೊದಲನೆಯ ನಕ್ಷೆಯಲ್ಲಿ ಕೆಳಗೆ ಬಾಡಿಗೆ ಮಳಿಗೆಗಳು, ಮೇಲೆ ಸಭಾಗೃಹ, ಎದುರಿಗೆ ಉದ್ದಕ್ಕೂ ಗಾಜು. ಮದುವೆ ಸಮಾರಂಭಗಳಿಗೆ ಕೊಟ್ಟು ಬಾಡಿಗೆ ಎತ್ತುವ ಉದ್ದೇಶ ಅದರಲ್ಲಿ ಸ್ಪಷ್ಟವಾಗಿದೆ. ಸಂಘಕ್ಕೆ ಹಣ ಬೇಕಾದದ್ದೂ ನಿಜ. ಆದರೆ ಅದರಲ್ಲಿ ವಾಚನಾಲಯ ಎಲ್ಲಿದೆಯೆಂದು ಹುಡುಕಿ ನೋಡಿರಿ. ಮೆಟ್ಟಿಲಿನ ಕೆಳಗೆ ೧೦ ಅಡಿಗೆ ೧೨ ಅಡಿಯ ಒಂದು ಕೋಣೆ; ಕಿಟಕಿ ಒಂದೇ, ಅದೂ ಹಿಂಬದಿಯ ಓಣಿಗೆ. ಎರಡನೆಯ ನಕ್ಷೆಯಲ್ಲಿ ಮಹಡಿಯಿಲ್ಲ. ನಡುವೆ ಅಂಗಳ, ಅಂಗಳದ ಒಂದು ಮಗ್ಗುಲಿಗೆ ೬೦ ಅಡಿ ಉದ್ದ, ೪೦ ಅಡಿ ಅಗಲದ ಸಭಾಂಗಣ, ಹಿಂದೆ ಅಡಿಗೆಮನೆ, ಬೀದಿಗೆ ಮುಖ ಮಾಡಿ ಪಡಸಾಲೆ, ಆ ಪಡಸಾಲೆಗೆ ಹೊಂದಿಕೊಂಡು ವಾಚನಾಲಯ. ನನ್ನ ಒಲವು ಎರಡನೆಯದರ ಕಡೆಗೆ ಎಂದು ಈಗಲೇ ಹೇಳಿಬಿಡುತ್ತೇನೆ, ಓದುವವರು ಎಚ್ಚರದಿಂದ ಓದಲಿ.

ಬಹೂದ್ದೇಶದ ಭವನ ಎಂಬ ಮಾತನ್ನು ಈಗ ಎಲ್ಲರೂ ಆಡುತ್ತಾರೆ. ನಮ್ಮ ಉದ್ದೇಶಗಳಾದರೂ ಯಾವುವು? ನವೆಂಬರ ಒಂದರ ರಾಜ್ಯೋತ್ಸವ, ಯುಗಾದಿ, ಸಂಕ್ರಾಂತಿಯ ಎಳ್ಳುಬೆಲ್ಲ, ದಸರೆಯ ಒಂದು ನಾಟಕ, ಕರಾವಳಿಯ ಬಂಧುಗಳು ಕರೆಸುವ ಯಕ್ಷಗಾನ, ಮಕ್ಕಳ ಕನ್ನಡ ವರ್ಗ, ಹೆಣ್ಣುಮಕ್ಕಳ ಭಜನೆ, ಹೆಸರಿಡುವುದು, ಸೀಮಂತ, ಶೋಕಸಭೆ. ಇವೆಲ್ಲ ಬಂದು ಹೋಗುವಂಥವು. ದಿನ ತಪ್ಪದೆ ನಡೆಯುವುದು ವಾಚನಾಲಯವೊಂದೇ. ಸಾತಪೂರ, ಅಂಬಡ ಕಡೆಯ ಕಾರಖಾನೆಗಳಿಂದ ಬಂದು, ಬಾಡಿಗೆಯ ಕೋಣೆಯಲ್ಲಿ ನಾಲ್ಕು ಜನರೊಡನೆ ಇರುವ ಹುಡುಗನಿಗೆ ದೀಪದ ಕೆಳಗೆ ಒಂದು ಕುರ್ಚಿ, ಊರಿನ ಸುದ್ದಿಯ ಒಂದು ಕನ್ನಡ ಪತ್ರಿಕೆ, ಒಂದು ಲೋಟ ತಣ್ಣೀರು ಪುಕ್ಕಟೆಯಾಗಿ ಸಿಗುವ ಸ್ಥಳ ಇದು. ಆದುದರಿಂದ ಭವನದ ನಕ್ಷೆಯನ್ನು ಹಬ್ಬದ ದಿನದಿಂದಲ್ಲ, ಏನೂ ಇಲ್ಲದ ಒಂದು ಮಂಗಳವಾರದ ಸಂಜೆಯಿಂದ ಎಣಿಸಲಾರಂಭಿಸಬೇಕೆಂದು ನನ್ನ ಅಭಿಪ್ರಾಯ.

ಇನ್ನು ‘ನಮ್ಮ ಸಂಸ್ಕೃತಿ ಕಾಣಬೇಕು’ ಎಂಬ ವಿಷಯ. ಸಮಿತಿಯಲ್ಲಿ ಒಬ್ಬ ಹಿರಿಯರು ಮುಂಬಾಗಿಲಿಗೆ ಸಿಮೆಂಟಿನ ಹಂಪೆಯ ರಥ ಬೇಕೆಂದರು. ಇನ್ನೊಬ್ಬರು ಮೈಸೂರು ಅರಮನೆಯ ಕಮಾನುಗಳೆಂದರು. ಅವರ ಪ್ರೀತಿಗೆ ನಮಸ್ಕಾರ. ಆದರೆ ಹಂಪೆಯ ರಥ ಹಂಪೆಯ ಕಲ್ಲಿನಿಂದ ಹುಟ್ಟಿದ್ದು. ಅದನ್ನು ಇಲ್ಲಿ ಅಚ್ಚಿನಲ್ಲಿ ಎರಕ ಹೊಯ್ದು ಬಣ್ಣ ಬಳಿದರೆ ಮಿಠಾಯಿ ಅಂಗಡಿಯ ಗೊಂಬೆಯಾದೀತು. ರಂಗಿನ ವಿಷಯ ಬಿಡಿ, ಅದಕ್ಕೆ ತಗಲುವ ದುಡ್ಡಿನಲ್ಲಿ ಎರಡು ಶೌಚಗೃಹ ಆಗುತ್ತವೆ. ಸಂಸ್ಕೃತಿ ಎಂಬುದು ಜನ ಕೂಡುವ, ಕೂಡ್ರುವ, ಉಣ್ಣುವ, ಕೇಳುವ ರೀತಿಯಲ್ಲಿ ಇರುತ್ತದೆಯೇ ಹೊರತು ಮುಂಬದಿಯ ಗೋಡೆಯಲ್ಲಿಲ್ಲ.

ಆ ರೀತಿಯನ್ನು ನೋಡಹೋದರೆ ನಮಗೂ ಇಲ್ಲಿಯವರಿಗೂ ಹೆಚ್ಚು ಅಂತರವಿಲ್ಲ. ನಮ್ಮೂರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನದು. ಅಲ್ಲಿ ಮನೆ ಎಂದರೆ ಮುಂದೆ ಕಟ್ಟೆ, ಒಳಗೆ ಪಡಸಾಲೆ, ಊರ ನಡುವೆ ಚಾವಡಿ, ಮರದ ಸುತ್ತ ಕಟ್ಟೆ. ಮೈಸೂರು ಸೀಮೆಯವರು ತೊಟ್ಟಿಯ ಮನೆ ಎನ್ನುತ್ತಾರೆ. ಹಳೆಯ ನಾಸಿಕದ ವಾಡೆಗಳಲ್ಲಿ ಇವೇ ಇವೆ: ಬೀದಿಗೆ ಓಟಾ, ನಡುವೆ ಚೌಕ, ಕೆಳಗೆ ಕರಿಗಲ್ಲಿನ ಜೋತಿ, ಮೇಲೆ ಸಾಗವಾನಿಯ ಕಂಬ. ಪೇಶವೆ ಕಾಲದ ಸರಕಾರವಾಡೆಯನ್ನು ನೋಡದವರು ಒಂದು ರವಿವಾರ ಹೋಗಿ ನೋಡಬೇಕು. ಮರದ ಸುತ್ತಲಿನ ಕಟ್ಟೆಗೆ ಮರಾಠಿಯಲ್ಲಿ ಪಾರ ಎನ್ನುವರು. ಓಣಿಯ ಹಿರಿಯರು ಸಂಜೆ ಕೂಡುವುದು ಅಲ್ಲಿಯೇ. ಮತ್ತೊಂದು ಮಾತು: ಇಲ್ಲಿಯ ಹಳೆಯ ಮಾಡುಗಳ ಮೇಲಿನ ಕೆಂಪು ಹಂಚಿಗೆ ಮಂಗಳೂರಿ ಕೌಲ ಎಂದೇ ಹೆಸರು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರಖಾನೆ ಹಾಕಿದರು. ಆ ಹಂಚು ಹಡಗು ಹತ್ತಿ ಇಡೀ ಪಶ್ಚಿಮ ತೀರವನ್ನು ಹೊದ್ದಿಸಿತು. ನಮ್ಮ ಪಡಸಾಲೆಗೆ ಅದೇ ಹಂಚನ್ನು ಹಾಕಿದರೆ ಕನ್ನಡದ್ದೋ ಮರಾಠಿಯದೋ ಎಂಬ ಪ್ರಶ್ನೆಯನ್ನು ಯಾರೂ ಕೇಳಲಾರರು.

ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಹೇಳಿದ್ದನ್ನು ನಾವು ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿದ್ದೇವೆ. ಆ ಗೋದಾವರಿ ಹುಟ್ಟುವುದು ನಮ್ಮ ಮಗ್ಗುಲಿನ ತ್ರ್ಯಂಬಕೇಶ್ವರದಲ್ಲಿ. ಆದರೆ ಈ ಮಾತನ್ನು ಹಕ್ಕು ಸಾಧಿಸುವ ಧ್ವನಿಯಲ್ಲಿ ಹೇಳುವುದು ನನಗೆ ಸೇರುವುದಿಲ್ಲ. ಅನ್ನ ಕೊಟ್ಟ ಊರಲ್ಲಿ ನಿಂತು ಸಾವಿರ ವರ್ಷದ ಹಿಂದಿನ ಉತಾರೆ ತೋರಿಸುವುದು ಚೆಂದವಲ್ಲ. ನಾವು ಇಲ್ಲಿಗೆ ತೀರ ಹೊರಗಿನವರಲ್ಲ ಎಂಬಷ್ಟು ಸಮಾಧಾನಕ್ಕೆ ಅದು ಸಾಕು.

ಹಳೆಯ ಸಭಾಭವನ ಹೇಗಿತ್ತೆಂದು ಕಣ್ಣಿನಿಂದ ನೋಡಬೇಕೆಂದರೆ ನಾವು ದೂರ ಹೋಗಬೇಕಾಗಿಲ್ಲ. ಸಂಭಾಜಿನಗರದಿಂದ ಸುಮಾರು ೩೦ ಕಿಲೋಮೀಟರ ದೂರದ ವೇರೂಳಿಗೆ, ಅಂದರೆ ಎಲ್ಲೋರಕ್ಕೆ ಹೋದವರೆಲ್ಲ ೧೬ನೆಯ ಗುಹೆಯಾದ ಕೈಲಾಸವನ್ನು ನೋಡಿ ಬೆರಗಾಗಿ ಬರುತ್ತಾರೆ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಅದು, ನಮ್ಮ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ನೆನಪಿಗೆ ತರುತ್ತದೆ, ಬೆರಗು ಸಹಜ. ಆದರೆ ಭವನ ಕಟ್ಟುವವರು ೫ನೆಯ ಗುಹೆಯಲ್ಲಿ ಅರ್ಧ ತಾಸು ಕೂಡ್ರಬೇಕು. ಸುಮಾರು ಏಳನೆಯ ಶತಮಾನದ ಬೌದ್ಧ ಗುಹೆ. ಒಳಗೆ ಸುಮಾರು ೧೧೭ ಅಡಿ ಉದ್ದದ ಒಂದು ಅಂಗಣ, ೨೪ ಕಂಬಗಳು, ನಡುವೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎರಡು ತಗ್ಗಾದ ಕಲ್ಲಿನ ಕಟ್ಟೆಗಳು. ಇಲ್ಲಿ ಭಿಕ್ಷುಗಳು ಉಣ್ಣುತ್ತಿದ್ದರೆಂದು ಕೆಲವು ವಿದ್ವಾಂಸರು, ಗ್ರಂಥಪಠನ ಮಾಡುತ್ತಿದ್ದರೆಂದು ಕೆಲವರು. ನನಗೆ ಎರಡೂ ನಿಜವೆನ್ನಿಸುತ್ತದೆ. ಕಟ್ಟೆಯ ಮೇಲೆ ಗಂಗಾಳವಿಟ್ಟರೆ ಊಟ, ಪೋಥಿಯಿಟ್ಟರೆ ಪಾಠ. ಬಹೂದ್ದೇಶ ಎಂಬ ಶಬ್ದ ಗೊತ್ತಿಲ್ಲದೆಯೇ ಅವರು ಬಹೂದ್ದೇಶದ ಭವನ ಮಾಡಿ ಹೋಗಿದ್ದಾರೆ. ನಮ್ಮ ಕಡೆಯ ಇಟಗಿಯಲ್ಲಿ ೧೧೧೨ರ ಮಹಾದೇವ ಗುಡಿಯ ತೆರೆದ ಮಂಟಪವನ್ನು ನೋಡಿದವರಿಗೆ, ಗೋಡೆಯಿಲ್ಲದೆ ಬರೇ ಕಂಬಗಳ ಸಾಲಿನಿಂದ ಎಷ್ಟು ಜನಕ್ಕೆ ನೆರಳು ಕೊಡಬಹುದೆಂಬುದು ಗೊತ್ತಾಗುತ್ತದೆ.

ನಾಸಿಕದ ಗುಡ್ಡದ ಮೇಲಿರುವ ಪಾಂಡವಲೇಣಿ, ಅಂದರೆ ತ್ರಿರಶ್ಮಿ ಗುಹೆಗಳಲ್ಲಿ, ನನ್ನಂಥ ಲೆಕ್ಕದವನಿಗೆ ಬೇಕಾದ ಸಂಗತಿ ಇದೆ. ೧೦ನೆಯ ಗುಹೆಯಲ್ಲಿ ನಹಪಾನನ ಅಳಿಯ ಉಷವದಾತನ ಶಾಸನವಿದೆ. ಸುಮಾರು ೧,೯೦೦ ವರ್ಷಗಳ ಹಿಂದಿನದು, ಪ್ರಾಕೃತ ಭಾಷೆ. ಆತ ಗುಹೆಯನ್ನು ಕೊರೆಯಿಸಿ ಸಂಘಕ್ಕೆ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ೩,೦೦೦ ಕಾರ್ಷಾಪಣ ನಾಣ್ಯಗಳನ್ನು ಗೋವರ್ಧನ ಎಂಬ ಇಲ್ಲಿಯ ಊರಿನ ನೇಕಾರರ ಶ್ರೇಣಿಗಳಲ್ಲಿ ಇಟ್ಟನು. ೨,೦೦೦ ನಾಣ್ಯ ಒಂದು ಶ್ರೇಣಿಯಲ್ಲಿ, ನೂರಕ್ಕೆ ತಿಂಗಳಿಗೆ ಒಂದು ಬಡ್ಡಿ. ೧,೦೦೦ ಇನ್ನೊಂದರಲ್ಲಿ, ನೂರಕ್ಕೆ ತಿಂಗಳಿಗೆ ಮುಕ್ಕಾಲು. ಅಸಲನ್ನು ಮುಟ್ಟಕೂಡದು, ಬಡ್ಡಿಯಷ್ಟನ್ನೇ ಅನುಭವಿಸಬೇಕು. ಮೊದಲನೆಯ ಬಡ್ಡಿಯಿಂದ ಮಳೆಗಾಲದಲ್ಲಿ ಅಲ್ಲಿ ಉಳಿಯುವ ೨೦ ಭಿಕ್ಷುಗಳಿಗೆ ತಲಾ ೧೨ ನಾಣ್ಯ ಬಟ್ಟೆಗೆ. ನಾನು ಅಲ್ಲಿಯೇ ನಿಂತು ಗುಣಿಸಿ ನೋಡಿದೆ. ೨,೦೦೦ಕ್ಕೆ ತಿಂಗಳಿಗೆ ೨೦, ವರ್ಷಕ್ಕೆ ೨೪೦. ೨೦ ಜನಕ್ಕೆ ೧೨ರಂತೆ ೨೪೦. ಒಂದು ಕಾಸು ಹೆಚ್ಚಿಲ್ಲ, ಕಡಿಮೆಯಿಲ್ಲ. ಎರಡನೆಯದರಿಂದ ವರ್ಷಕ್ಕೆ ೯೦ ಬರುವುದು, ಇತರ ಖರ್ಚಿಗೆ. ಇದೆಲ್ಲವನ್ನೂ ನಿಗಮಸಭೆಯಲ್ಲಿ ಓದಿಸಿ, ದಫ್ತರದಲ್ಲಿ ನೋಂದಿಸಿದ್ದಾಗಿ ಬರೆದಿದೆ. ಆಗಲೇ ನಾಸಿಕದ ಪರಿಸರದಲ್ಲಿ ಊರಿನ ಸಭೆ ಇತ್ತು, ಬರೆದಿಡುವ ಪದ್ಧತಿ ಇತ್ತು, ನೇಕಾರರ ಸಂಘವೇ ಬ್ಯಾಂಕಾಗಿತ್ತು!

ಇದನ್ನು ಇಷ್ಟು ವಿಸ್ತರಿಸಿ ಹೇಳಲು ಕಾರಣವಿದೆ. ನಮ್ಮ ಎರಡು ನಕ್ಷೆಗಳ ಕೆಳಗೂ ಕಟ್ಟುವ ಖರ್ಚಿನ ಅಂದಾಜು ಇದೆ, ನಡೆಸುವ ಖರ್ಚಿನದು ಇಲ್ಲ. ವಿದ್ಯುತ್ತು, ನೀರು, ಕಾವಲು, ಸುಣ್ಣಬಣ್ಣ, ಪತ್ರಿಕೆಗಳ ವರ್ಗಣಿ, ಮನೆಪಟ್ಟಿ ಇವು ಕಟ್ಟಿದ ಮರುದಿನದಿಂದ ಆರಂಭವಾಗುತ್ತವೆ. ಗಾಜಿನ ಮುಖದ ಸಭಾಗೃಹಕ್ಕೆ ತಂಪು ಯಂತ್ರವಿಲ್ಲದೆ ಗತಿಯಿಲ್ಲ. ತಂಪು ಯಂತ್ರಕ್ಕೆ ಬಾಡಿಗೆಯಿಲ್ಲದೆ ಗತಿಯಿಲ್ಲ. ಬಾಡಿಗೆ ಹೆಚ್ಚಾದರೆ ನಮ್ಮ ಹೆಲ್ಪರ ಹುಡುಗನ ಮಗಳ ತೊಟ್ಟಿಲ ಕಾರ್ಯಕ್ಕೆ ಅಲ್ಲಿ ಸ್ಥಳವಿಲ್ಲ. ಪಗಾರದಿಂದ ತಿಂಗಳಿಗಿಷ್ಟೆಂದು ಕೊಟ್ಟವರು ಅಂಥವರೇ ಅಲ್ಲವೆ? ಕೂಡಿದ ನಿಧಿಯಲ್ಲಿ ಒಂದು ಭಾಗವನ್ನು ಉಷವದಾತನಂತೆ ಮುಟ್ಟದ ಠೇವಣಿಯಾಗಿ ಇಟ್ಟು, ಅದರ ಬಡ್ಡಿಯನ್ನು ವಾಚನಾಲಯಕ್ಕೇ ಮೀಸಲಿಡಬೇಕೆಂದು ನಾನು ಸಭೆಗೆ ಸೂಚನೆ ಕೊಟ್ಟಿದ್ದೇನೆ. ಅದರಿಂದ ಸಭಾಂಗಣ ಹತ್ತು ಅಡಿ ಚಿಕ್ಕದಾದರೂ ಚಿಂತೆಯಿಲ್ಲ.

ಈಗ ಧ್ವನಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಸಾವಕಾಶವಾಗಿ ಓದಬೇಕು. ಕಳೆದ ರಾಜ್ಯೋತ್ಸವಕ್ಕೆ ನಾವು ಒಂದು ದೊಡ್ಡ ಸಭಾಗೃಹವನ್ನು ಬಾಡಿಗೆಗೆ ಹಿಡಿದದ್ದು ನಿಮಗೆ ನೆನಪಿರಬಹುದು. ನಾಲ್ಕು ತಿಂಗಳು ಪಾಳಿ ಹೊಂದಿಸಿಕೊಂಡು ತಾಲೀಮು ಮಾಡಿದ ನಾಟಕ. ಮುಗಿದ ಮೇಲೆ ಮುಂದಿನ ಸಾಲಿನಲ್ಲೇ ಕೂತಿದ್ದ ಗದಗ ಕಡೆಯ ಅಜ್ಜಿಯವರು, “ಬರೇ ಗದ್ದಲಾ ಕೇಳಿಸ್ತು ಯಪ್ಪಾ, ಮಾತು ಒಂದೂ ತಿಳೀಲಿಲ್ಲ” ಎಂದರು. ಧ್ವನಿವರ್ಧಕದವನನ್ನು ಎಲ್ಲರೂ ಬೈದರು. ತಪ್ಪು ಅವನದಲ್ಲ, ಗೋಡೆಗಳದು. ನಮ್ಮ ವಿಜಯಪುರದ ಗೋಲಗುಂಬಜಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಅನೇಕ ಸಲ ಕೇಳುತ್ತದೆ. ಚಪ್ಪಾಳೆಗೆ ಅದು ಅದ್ಭುತ. ಅಲ್ಲಿ ನಿಂತು ಭಾಷಣ ಮಾಡಿ ನೋಡಿರಿ!

ಇದರ ಲೆಕ್ಕವನ್ನು ಮೊದಲು ಕಂಡುಹಿಡಿದವರು ಅಮೇರಿಕದ ಹಾರ್ವರ್ಡ ವಿದ್ಯಾಪೀಠದ ವ್ಯಾಲೇಸ ಸೇಬಿನ್ ಎಂಬ ತರುಣ ಅಧ್ಯಾಪಕರು. ೧೮೯೫ರಲ್ಲಿ ಅಲ್ಲಿಯ ಒಂದು ಹೊಸ ವ್ಯಾಖ್ಯಾನಮಂದಿರದಲ್ಲಿ ಆಡಿದ ಮಾತು ಐದೂವರೆ ಸೆಕೆಂಡಿನಷ್ಟು ಹೊತ್ತು ಗುಂಯ್ಗುಡುತ್ತಿತ್ತು. ಒಂದು ಮಾತು ಅಡಗುವುದರೊಳಗೆ ಹತ್ತು ಮಾತು ಅದರ ಮೇಲೆ ಬೀಳುತ್ತಿದ್ದವು. ಅದನ್ನು ಸರಿಪಡಿಸಲು ಅವರಿಗೆ ಹೇಳಲಾಯಿತು. ಪಕ್ಕದ ನಾಟಕಗೃಹದ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹಾಸಿ, ಒಂದು ಆರ್ಗನ್ ಕೊಳವೆ ಊದಿಸಿ, ಗಡಿಯಾರ ಹಿಡಿದು ಧ್ವನಿ ಅಡಗುವ ಹೊತ್ತನ್ನು ಅಳೆದರು. ಬೆಳಗಾಗುವುದರೊಳಗೆ ಮೆತ್ತೆಗಳನ್ನು ಮರಳಿ ಒಯ್ದಿಟ್ಟರು. ಹೀಗೆ ಎಷ್ಟೋ ರಾತ್ರಿ. ಕೊನೆಗೆ ದೊರೆತ ಸೂತ್ರ ಸುಲಭವಾಗಿದೆ: ಕೋಣೆಯ ಗಾತ್ರ ಹೆಚ್ಚಿದಷ್ಟೂ ಗುಂಯ್ ಹೆಚ್ಚು, ಧ್ವನಿಯನ್ನು ಹೀರುವ ವಸ್ತು ಹೆಚ್ಚಿದಷ್ಟೂ ಗುಂಯ್ ಕಡಿಮೆ. ಅಡಿಗಳಲ್ಲಿ ಲೆಕ್ಕ ಹಾಕುವಾಗ ಗಾತ್ರವನ್ನು ೦.೦೪೯ರಿಂದ ಗುಣಿಸಿ, ಹೀರುವಿಕೆಯಿಂದ ಭಾಗಿಸಿದರೆ ಸೆಕೆಂಡು ಬರುತ್ತದೆ. ಹೀರುವಿಕೆಯನ್ನು ಅಳೆಯಲು ಅವರು ಹಿಡಿದ ಮಾನ ಯಾವುದೆಂದರೆ ತೆರೆದ ಕಿಟಕಿ. ಹೊರಗೆ ಹೋದ ಧ್ವನಿ ತಿರುಗಿ ಬರುವುದಿಲ್ಲವಲ್ಲ! ಒಂದು ಚದರಡಿ ತೆರೆದ ಕಿಟಕಿ ಎಂದರೆ ಒಂದು ಅಂಶ.

ನಮ್ಮ ಸಭಾಂಗಣಕ್ಕೆ ಇದನ್ನು ಹಚ್ಚೋಣ. ೬೦ ಅಡಿ, ೪೦ ಅಡಿ, ಎತ್ತರ ೧೬ ಅಡಿ. ಗಾತ್ರ ೩೮,೪೦೦ ಘನ ಅಡಿ. ನೆಲ, ಮಾಡು, ಗೋಡೆ ಕೂಡಿ ೮,೦೦೦ ಚದರಡಿ. ಗಿಲಾಯಿ ಮಾಡಿದ ನುಣುಪು ಗೋಡೆ ನೂರರಲ್ಲಿ ಸುಮಾರು ೩ ಪಾಲನ್ನು ಮಾತ್ರ ಹೀರುತ್ತದೆ. ಅಂದರೆ ೨೪೦ ಅಂಶ. ಸೂತ್ರದಂತೆ ಬರಿದಾದ ಸಭಾಂಗಣದಲ್ಲಿ ಧ್ವನಿ ಸುಮಾರು ೮ ಸೆಕೆಂಡು ನಿಲ್ಲುತ್ತದೆ. ಗೋಲಗುಂಬಜಿನ ತಮ್ಮನೇ ಸರಿ. ಒಬ್ಬ ಮನುಷ್ಯ, ಉಟ್ಟ ಬಟ್ಟೆ ಸಮೇತ, ಸುಮಾರು ನಾಲ್ಕೂವರೆ ಅಂಶ ಹೀರುತ್ತಾನೆ. ೨೦೦ ಜನ ಬಂದರೆ ೯೦೦ ಅಂಶ ಕೂಡಿ, ಹೊತ್ತು ಒಂದೂ ಮುಕ್ಕಾಲು ಸೆಕೆಂಡಿನ ಒಳಕ್ಕೆ ಇಳಿಯುತ್ತದೆ. ೫೦ ಜನ ಬಂದ ದಿನ ೪ ಸೆಕೆಂಡು. ಮಾತು ಸ್ಪಷ್ಟವಾಗಿ ಕೇಳಲು ಒಂದು ಸೆಕೆಂಡಿನ ಸುಮಾರಿಗೆ ಇರಬೇಕು. ಹಾಡಿಗೆ ಸ್ವಲ್ಪ ಹೆಚ್ಚಿದ್ದರೂ ಹಿತ.

ಎರಡನೆಯ ನಕ್ಷೆಯಲ್ಲಿ ಅಂಗಳದ ಕಡೆಗೆ ೫ ಅಡಿ ಅಗಲ, ೮ ಅಡಿ ಎತ್ತರದ ಎಂಟು ಬಾಗಿಲುಗಳಿವೆ. ಎಲ್ಲವನ್ನೂ ತೆರೆದಿಟ್ಟರೆ ೩೨೦ ಅಂಶ ಪುಕ್ಕಟೆಯಾಗಿ ಸಿಕ್ಕಿತು. ಹಿಂದಿನ ಗೋಡೆಗೆ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು, ೪೮೦ ಚದರಡಿ ದಪ್ಪ ಕಂಬಳಿಗಳನ್ನು ಬಿಗಿದು ಕಟ್ಟಿದರೆ ಮತ್ತೆ ೨೪೦ ಎಂದು ಹಿಡಿಯಬಹುದು. ಒಟ್ಟು ೧,೭೦೦ ಅಂಶ, ಹೊತ್ತು ೧.೧ ಸೆಕೆಂಡು. ಆಗ ಅಜ್ಜಿಯವರಿಗೆ ನಾಟಕದ ಮಾತು ತಿಳಿದೀತು. ಕುರುಬರು ನೇಯುವ ಕರಿ ಕಂಬಳಿಗೆ ಇಲ್ಲಿಯವರು ಘೊಂಗಡಿ ಎನ್ನುತ್ತಾರೆ. ಇಬ್ಬರ ಮನೆಯಲ್ಲೂ ಇದ್ದ ವಸ್ತು. ಅದಕ್ಕಿಂತ ಒಳ್ಳೆಯ ಅಲಂಕಾರ ಬೇಕೇ? ಗಾಜು ಮಾತ್ರ ನುಣುಪು ಗಿಲಾಯಿಯಂತೆಯೇ ಮಾತನ್ನು ತಿರುಗಿ ಎಸೆಯುತ್ತದೆ.

ಜಾಗದ ಅಳತೆಯನ್ನೂ ಹೇಳಿಬಿಡುತ್ತೇನೆ. ಗೆಳೆಯರನ್ನು ನೆಲಕ್ಕೆ ಕೂಡ್ರಿಸಿ ಟೇಪು ಹಿಡಿದು ಅಳೆದದ್ದು ಇದು. ಪಂಕ್ತಿಯಲ್ಲಿ ಒಬ್ಬರಿಗೆ ಅಗಲ ೨ ಅಡಿ. ಮನುಷ್ಯ ಎರಡೂವರೆ, ಎಲೆ ಒಂದೂವರೆ, ಹೀಗೆ ಆಳ ೪ ಅಡಿ. ಎದುರುಬದುರು ಎರಡು ಸಾಲುಗಳ ನಡುವೆ ಬಡಿಸುವವರಿಗೆ ೪ ಅಡಿ. ಅಂದರೆ ಎರಡು ಸಾಲಿಗೆ ೧೨ ಅಡಿ. ೪೦ ಅಡಿ ಅಗಲದಲ್ಲಿ ಆರು ಸಾಲು ಹಿಡಿದು, ತುದಿಗಳಲ್ಲಿ ದಾರಿ ಬಿಟ್ಟರೆ ಒಂದು ಪಂಕ್ತಿಗೆ ೧೫೬ ಜನ. ೧೬ ಅಡಿ ಆಳದ ರಂಗಕ್ಕೆ ಜಾಗ ಬಿಟ್ಟು ಕುರ್ಚಿ ಹಾಕಿದರೆ ಸುಮಾರು ೧೯೦. ಜಮಖಾನೆ ಹಾಸಿ ನೆಲಕ್ಕೆ ಕೂತರೆ ೨೪೦ಕ್ಕೆ ಕಡಿಮೆಯಿಲ್ಲ. ಗೋಡೆಯುದ್ದಕ್ಕೂ ಒಂದೂವರೆ ಅಡಿ ಎತ್ತರದ ಕಲ್ಲಿನ ಕಟ್ಟೆಯನ್ನು, ವೇರೂಳಿನ ನೆನಪಿಗಾಗಿ, ನಾನು ಕೇಳಿದ್ದೇನೆ. ಮೊಣಕಾಲು ನೋವಿನವರು, ಬಾಣಂತಿಯರು, ತಡವಾಗಿ ಬರುವ ಮೂರನೆಯ ಪಾಳಿಯವರು ಅದರ ಮೇಲೆ ಕೂಡ್ರಬಹುದು.

ರಂಗವನ್ನು ಕಲ್ಲಿನಲ್ಲಿ ಕಟ್ಟಬಾರದು. ಮುಂಬಯಿಯಲ್ಲಿ ೧೯೨೬ರಲ್ಲಿ ಸ್ಥಾಪನೆಯಾದ ಮಾಟುಂಗಾದ ಮೈಸೂರು ಅಸೋಸಿಯೇಶನ್ನಿಗೂ ಮಾಹಿಮಿನ ಕರ್ನಾಟಕ ಸಂಘಕ್ಕೂ ತಮ್ಮ ಸಭಾಗೃಹಗಳಿವೆ. ಅಂಥದೇ ನಮಗೂ ಬೇಕೆಂಬ ಆಸೆ ತಪ್ಪಲ್ಲ. ಆದರೆ ಅದು ಮಹಾನಗರ, ನಮ್ಮದು ಒಂದೇ ಅಂಗಣ. ಕಂಪನಿ ನಾಟಕಕ್ಕೆ ಪರದೆ, ಪಕ್ಕದ ರೆಕ್ಕೆ ಬೇಕು. ಯಕ್ಷಗಾನವನ್ನು ಮೂರು ಕಡೆಯಿಂದ ನೋಡಬೇಕು. ಶ್ರೀಕೃಷ್ಣ ಪಾರಿಜಾತದವರು ಜನರ ನಡುವೆಯೇ ಬರುತ್ತಾರೆ. ಮರಾಠಿ ಕೀರ್ತನಕಾರರಿಗೆ ಒಂದು ಮೊಳ ಎತ್ತರ ಸಾಕು. ೪ ಅಡಿಗೆ ೮ ಅಡಿಯ ಮರದ ಮಂಚಗಳನ್ನು ಮಾಡಿಸಿದರೆ ಬೇಕಾದಂತೆ ಜೋಡಿಸಬಹುದು, ಊಟದ ದಿನ ಗೋಡೆಗೆ ನಿಲ್ಲಿಸಬಹುದು. ಕೀರ್ತನದ ಮಾತೇಕೆ ಎಂದು ಕೇಳುವವರಿದ್ದಾರೆ. ಓಣಿಯ ಮರಾಠಿ ಭಜನಾ ಮಂಡಳಿಯವರಿಗೆ ವಾರಕ್ಕೊಂದು ಸಂಜೆ ಸ್ಥಳ ಕೊಡಬೇಕೆಂಬುದು ನನ್ನ ಮತ. ನಾಸಿಕವು ಕುಸುಮಾಗ್ರಜರ ಊರು. ಅವರ ಹುಟ್ಟಿದ ದಿನವಾದ ಫೆಬ್ರುವರಿ ೨೭ನ್ನು ಮಹಾರಾಷ್ಟ್ರ ಮರಾಠಿ ಭಾಷೆಯ ದಿನವಾಗಿ ಆಚರಿಸುತ್ತದೆ. ಆ ದಿನ ನಮ್ಮ ವಾಚನಾಲಯದಲ್ಲಿ ಒಂದು ಮರಾಠಿ ಪುಸ್ತಕದ ಮೇಜು ಹಾಕಿದರೆ ನಮ್ಮ ಗಂಟು ಹೋಗುವುದೇನು?

ಬಾಗಿಲುಗಳ ವಿಷಯದಲ್ಲಿ ಮಾತ್ರ ನಾನು ಯಾರೊಡನೆಯೂ ರಾಜಿಗೆ ಒಪ್ಪುವವನಲ್ಲ. ೧೯೯೫ರ ಡಿಸೆಂಬರ ೨೩ರಂದು ಹರಿಯಾಣದ ಡಬವಾಲಿಯಲ್ಲಿ ಒಂದು ಮದುವೆ ಮಂದಿರದಲ್ಲಿ ಶಾಲೆಯ ವಾರ್ಷಿಕೋತ್ಸವ ನಡೆದಾಗ ಶಾಮಿಯಾನಕ್ಕೆ ಬೆಂಕಿ ಹತ್ತಿ ೪೦೦ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳು. ಜನ ಬಹಳ, ಹೊರಗೆ ಹೋಗುವ ದಾರಿ ಇಕ್ಕಟ್ಟು. ಮೊದಲನೆಯ ನಕ್ಷೆಯಲ್ಲಿ ಮೇಲಿನ ಸಭಾಗೃಹದಿಂದ ಇಳಿಯಲು ಇರುವುದು ಒಂದೇ ಮೆಟ್ಟಿಲು. ಎರಡನೆಯದರಲ್ಲಿ ಎಂಟು ಬಾಗಿಲುಗಳೂ ನೇರವಾಗಿ ಅಂಗಳಕ್ಕೆ, ಅಂಗಳದಿಂದ ಬೀದಿಗೆ ಎರಡು ದಾರಿ. ಬಾಗಿಲುಗಳೆಲ್ಲ ಹೊರಕ್ಕೆ ತೆರೆಯಬೇಕು. ಸಮಾರಂಭ ನಡೆಯುವಾಗ ಒಂದಕ್ಕೂ ಕೀಲಿ ಬೀಳಕೂಡದು. ಕಂಬಳಿಗಳಿಗೆ ಅಗ್ನಿನಿರೋಧಕ ದ್ರಾವಣ ಹಚ್ಚಿಸುವ ಖರ್ಚನ್ನೂ ಅಂದಾಜಿನಲ್ಲಿ ಸೇರಿಸಬೇಕು. ಗಾಲಿಕುರ್ಚಿ ಏರುವ ಇಳಿಜಾರು ಸಾರ್ವಜನಿಕ ಕಟ್ಟಡಕ್ಕೆ ೨೦೧೬ರ ಕಾಯಿದೆಯಿಂದ ಹೇಗೂ ಕಡ್ಡಾಯ. ನೆಲದ ಮೇಲಿನ ಕಟ್ಟಡಕ್ಕೆ ಅದು ಹೊರೆಯೂ ಅಲ್ಲ.

ಅಡಿಗೆಮನೆಯ ಬಗ್ಗೆ ಗಂಡಸರು ಬರೆದದ್ದನ್ನು ನಂಬಬಾರದು. ಮಹಿಳಾ ವಿಭಾಗದ ಅಕ್ಕಂದಿರು ನಕ್ಷೆಯನ್ನು ನೋಡಿದ ಕೂಡಲೇ, “ಪಾತ್ರಿ ತಿಕ್ಕೋದು ಎಲ್ಲಿರೀ?” ಎಂದು ಕೇಳಿದರು. ಎರಡೂ ನಕ್ಷೆಯಲ್ಲಿ ಅದಕ್ಕೆ ಸ್ಥಳವಿರಲಿಲ್ಲ. ಈಗ ಎರಡನೆಯದರಲ್ಲಿ ಪೆನ್ಸಿಲಿನಿಂದ ಗುರುತು ಮಾಡಿದೆ.

ಸಂಭಾಜಿನಗರದ ನಮ್ಮ ಬಂಧುಗಳು ಈ ನಕ್ಷೆಯ ಪ್ರತಿಯನ್ನು ಕೇಳಿ ಬರೆದಿದ್ದಾರೆ. ವಾಳೂಜ, ಚಿಕಲಠಾಣಾ ಕಾರಖಾನೆಗಳ ಕನ್ನಡಿಗರಿಗೂ ಇಂಥದೊಂದು ಬೇಕಾಗಿದೆ. ಪ್ರತಿ ಕಳಿಸಿದ್ದೇವೆ, ಆದರೆ ಹಾಗೆಯೇ ಕಟ್ಟಬೇಡಿರೆಂದೂ ಬರೆದಿದ್ದೇವೆ. ಅಲ್ಲಿಯ ಬೇಸಿಗೆ ಇಲ್ಲಿಗಿಂತ ಉಗ್ರ. ಅಂಗಳವನ್ನು ಚಿಕ್ಕದು ಮಾಡಿ, ಪಡುವಣ ಗೋಡೆಗೆ ಕಿಟಕಿ ಇಡದೆ, ಪಡಸಾಲೆಯ ಮಾಡನ್ನು ಕೆಳಗಿಳಿಸಬೇಕು. ನೀರಿನ ಚಿಂತೆ ಅಲ್ಲಿ ಹಳೆಯದು. ಹದಿನೇಳನೆಯ ಶತಮಾನದಲ್ಲಿ ಮಲಿಕ ಅಂಬರನು ನೆಲದೊಳಗಿನ ಕಾಲುವೆಯಿಂದ ಊರಿಗೆ ನೀರು ತಂದನು. ಪನಚಕ್ಕಿಯ ಬೀಸುವ ಕಲ್ಲು ತಿರುಗಿದ್ದು ಗುಡ್ಡದಿಂದ ಕೊಳವೆಯಲ್ಲಿ ಬಂದ ನೀರಿನಿಂದ. ನೀರನ್ನು ಹಿಡಿದಿಡುವುದೇ ಆ ಊರಿನ ಸಂಸ್ಕೃತಿ ಎಂದರೂ ಸಲ್ಲುತ್ತದೆ. ೪,೦೦೦ ಚದರಡಿ ಮಾಡಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು ೯,೪೦೦ ಲೀಟರು ನೀರು. ಅಂಗಳದ ಕೆಳಗೆ ಟಾಕಿ ಕಟ್ಟಲು ಅವರು ಮೊದಲೇ ಅಗೆಯಬೇಕು. ಆಮೇಲೆ ಅಗೆಯುವುದು ಆಗದ ಕೆಲಸ.

ನೆಲದ ಮಾತು ಎರಡೂ ಊರಿಗೆ ಒಂದೇ. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆಂಬುದು ನಮ್ಮ ರೈತರ ಮಕ್ಕಳಿಗೆ ಹೇಳಬೇಕಾಗಿಲ್ಲ. ಅದರ ಮೇಲೆ ಬುನಾದಿ ಹಾಕಿದರೆ ಗೋಡೆ ಮೂರು ವರ್ಷದಲ್ಲಿ ಬಾಯಿ ಬಿಡುತ್ತದೆ. ಮೊರಮು ಅಥವಾ ಕರಿಗಲ್ಲು ಸಿಗುವವರೆಗೆ ಅಗೆದು ನೋಡಿಯೇ ಅಂದಾಜು ಮಾಡಿಸಬೇಕು. ನಮ್ಮ ಜಾಗದಲ್ಲಿ ಎರಡು ಗುಂಡಿ ತೋಡಿಸಲು ಸಮಿತಿ ಒಪ್ಪಿದೆ. ಬರುವ ರವಿವಾರ ಬೆಳಿಗ್ಗೆ ಏಳಕ್ಕೆ ಕೆಲಸ. ಬಿಡುವಿದ್ದವರು ಗುದ್ದಲಿ, ಪುಟ್ಟಿ ತರಬೇಕು. ಚಹಾದ ವ್ಯವಸ್ಥೆ ಇದೆ.

ಜಾಗದ ಮೂಡಣ ಮೂಲೆಯಲ್ಲಿ ಒಂದು ಬೇವಿನ ಮರವಿರುವುದನ್ನು ನೋಡಿದ್ದೀರಿ. ಮೊದಲನೆಯ ನಕ್ಷೆಯಲ್ಲಿ ಅದು ಇಲ್ಲ, ಅಲ್ಲಿ ವಾಹನ ನಿಲ್ಲಿಸುವ ಸ್ಥಳವಿದೆ. ಎರಡನೆಯದರಲ್ಲಿ ಅದರ ಸುತ್ತ ಕಟ್ಟೆಯಿದೆ, ವಾಚನಾಲಯದ ಕಿಟಕಿ ಆ ಕಡೆಗೇ ತೆರೆಯುತ್ತದೆ. ನಕ್ಷೆಗಳ ಕೆಳಗೆ ದಾರ ಕಟ್ಟಿ ಒಂದು ನೋಟುಬುಕ್ಕನ್ನು ಇಟ್ಟಿದ್ದೇನೆ. ಯಾವುದು ಬೇಕೆಂದು ಬರೆಯುವುದರ ಜೊತೆಗೆ, ನಿಮ್ಮ ಪಾಳಿ ಯಾವುದು, ವಾಚನಾಲಯ ಎಷ್ಟು ಗಂಟೆಗೆ ತೆರೆದಿದ್ದರೆ ನಿಮಗೆ ಬರಲಾದೀತು ಎಂಬುದನ್ನೂ ದಯವಿಟ್ಟು ಬರೆಯಿರಿ. ಬರೆಯಲು ಬಾರದವರು ನನಗೆ ಹೇಳಿದರೆ ಬರೆದುಕೊಳ್ಳುತ್ತೇನೆ. ಸಂಜೆ ಆರರಿಂದ ಎಂಟರವರೆಗೆ ನಾನು ಅಲ್ಲಿಯೇ ಇರುತ್ತೇನೆ.